ಹತ್ತರ ಮುಂದಿನ ಗಿಣಿ

ಆ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಗಣಿತ ಕಲಿಸಲು ಹೋದ ದಿನ ಹೆಡ್‌ಮಾಸ್ತರ್ ವಿರುಪಾಕ್ಷಯ್ಯನವರು ನನ್ನ ಅಂಕಪಟ್ಟಿಯನ್ನಾಗಲಿ, ನೇಮಕದ ಆದೇಶವನ್ನಾಗಲಿ ನೋಡಲಿಲ್ಲ. ಬಾಗಿಲು ಮುಂದಕ್ಕೆಳೆದು, ಕಿಟಕಿಯ ಹೊರಗೆ ಮಕ್ಕಳಿಲ್ಲವೆಂದು ಎರಡು ಸಲ ಬಗ್ಗಿ ನೋಡಿ, ಒಂದು ಚೀಟಿಯ ಮೇಲೆ ಒಂದು ಸಂಖ್ಯೆ ಬರೆದು ತೋರಿಸಿದರು. ನಾನು ಓದಿದೆನೆಂದು ಖಾತ್ರಿಯಾದ ಮೇಲೆ ಚೀಟಿಯನ್ನು ಚೂರು ಚೂರು ಮಾಡಿ ನೀರಿನ ಲೋಟಕ್ಕೆ ಹಾಕಿದರು. ಇದನ್ನು ಮಕ್ಕಳ ಕಿವಿಗೆ ಬೀಳುವಂತೆ ಅನ್ನಬಾರದು, ಅವರ ಕಣ್ಣಿಗೆ ಬೀಳುವಂತೆ ಬರೆಯಬಾರದು, ಮಿಕ್ಕಂತೆ ನೀವು ಸ್ವತಂತ್ರರು ಎಂದರು. ಚೀಟಿಯ ಮೇಲೆ ಇದ್ದದ್ದು ಹನ್ನೊಂದು. ತರಬೇತಿ ಕಾಲೇಜಿನವರು ಎರಡು ವರ್ಷ ಹಿಡಿದು ಹೇಳಿಕೊಟ್ಟದ್ದೆಲ್ಲ ಸೇರಿದರೂ ಇಷ್ಟು ಸ್ಪಷ್ಟವಾದ ಸೂಚನೆ ಅದರಲ್ಲಿರಲಿಲ್ಲ.

ವಿಷಯ ಸರಳವಾಗಿತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಐದನೆಯ ತರಗತಿಯ ಒಂದು ಮಗು ಕರಿಹಲಗೆಯ ಮುಂದೆ ನಿಂತು ಆ ದಿನದ ಲೆಕ್ಕ ಮಾಡಬೇಕು. ಏಳು ಮೊಟ್ಟೆಗೆ ಐದು ಮೊಟ್ಟೆ ಸೇರಿಸಿದರೆ ಎಷ್ಟು? ಮಗು ಬೆರಳು ಮಡಚುತ್ತ ಏಳರ ಮುಂದೆ ಎಂಟು, ಒಂಬತ್ತು, ಹತ್ತು, ಹನ್ನೆರಡು, ಹದಿಮೂರು ಎಂದು ಎಣಿಸಿ, ಹದಿಮೂರು ಎಂದು ಬರೆಯುತ್ತದೆ. ಅದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಊರಿನಲ್ಲಿ ಯಾರು ಯಾರು ಒಂದು ಬುಟ್ಟಿಯಲ್ಲಿ ಏಳು, ಇನ್ನೊಂದರಲ್ಲಿ ಐದು ಮೊಟ್ಟೆ ಇಟ್ಟುಕೊಂಡು ಕಾಯುತ್ತಿದ್ದಾರೋ ಅವರೆಲ್ಲರ ಹತ್ತಿರ ಹದಿಮೂರು ಮೊಟ್ಟೆ ಆಗಿರುತ್ತವೆ. ಶಾಲೆಯ ಗೇಟಿನ ಹತ್ತಿರ ಹೆಂಗಸರು ಬುಟ್ಟಿ ಮುಚ್ಚಿದ ಬಟ್ಟೆ ಸರಿಸಿ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮನೆಗೆ ಹೋಗುತ್ತಾರೆ. ಯಾರಿಗೂ ಬೆರಗಿಲ್ಲ. ಹೆಚ್ಚಿಗೆ ಬಂದದ್ದು ಯಾರ ಪಾಲು ಎಂದು ಅಲ್ಲಿ ಜಗಳವಾದದ್ದುಂಟು. ಎಲ್ಲಿಂದ ಬಂತು ಎಂದು ಯಾರೂ ಕೇಳಿದ್ದಿಲ್ಲ. ಗಣಿತದಲ್ಲಿ ಪದವಿ ಪಡೆದ ನಾನೂ ಕೇಳಲಿಲ್ಲ.

ಸೋಮವಾರ ಮೊಟ್ಟೆ, ಮಂಗಳವಾರ ರೊಟ್ಟಿ, ಬುಧವಾರ ಸಗಣಿಯ ಕುಳ್ಳು, ಗುರುವಾರ ತೆಂಗಿನಕಾಯಿ, ಶುಕ್ರವಾರ ಬೆಲ್ಲದ ಅಚ್ಚು, ಶನಿವಾರ ಅರ್ಧ ದಿನವಾದ್ದರಿಂದ ಬರೀ ನಿಂಬೆಹಣ್ಣು. ಈ ವೇಳಾಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿ ತೀರ್ಮಾನಿಸುತ್ತಿತ್ತು. ಸಮಿತಿಯ ಅಧ್ಯಕ್ಷರು ಖಾನಾವಳಿ ಚನಮಲ್ಲಪ್ಪನವರು. ಮಂಗಳವಾರ ಅವರ ಖಾನಾವಳಿಯಲ್ಲಿ ಏಳರ ಸಾಲು, ಐದರ ಸಾಲು ಮಾಡಿ ಒಟ್ಟಿದ ರೊಟ್ಟಿಗಳು ಬೆಳಿಗ್ಗೆ ಹತ್ತೂವರೆಗೆ ಜೋಡಿಗೊಂದರಂತೆ ಹೆಚ್ಚುತ್ತಿದ್ದವು. ಹಿಂದೆ ಒಮ್ಮೆ ಅವರೇ ಸೀಮೆಸುಣ್ಣ ಹಿಡಿದು ಏಳಕ್ಕೆ ಐದು ಸೇರಿಸಿ ನೂರು ಎಂದು ಬರೆದು ನೋಡಿದ್ದರಂತೆ. ಏನೂ ಆಗಲಿಲ್ಲ. ಒಂದು ಮಗುವಿಗೆ ಪೇಢೆ ಕೊಟ್ಟು ಇಪ್ಪತ್ತು ಎಂದು ಬರೆಸಿದರು. ಪೇಢೆ ಹೋಯಿತು, ಅಷ್ಟೇ. ಬರೆದದ್ದನ್ನು ಬರೆದವರು ಮನಸಾರೆ ನಂಬಿರಬೇಕು ಎಂಬುದು ಆಮೇಲೆ ಊರಿಗೆ ಮನದಟ್ಟಾಯಿತು. ಪ್ರಾಮಾಣಿಕವಾದ ತಪ್ಪು ಬೇಕು. ಅಂಥದ್ದು ಮಕ್ಕಳ ಹತ್ತಿರ ಮಾತ್ರ ಸಿಗುತ್ತದೆ. ದೊಡ್ಡವರ ತಪ್ಪುಗಳು ಆ ಗುಣಮಟ್ಟದವಲ್ಲ.

ತಪ್ಪನ್ನು ಮಕ್ಕಳಿಗೆ ಪ್ರಾಮಾಣಿಕವಾಗಿ ಕಲಿಸುವ ವಿಧಾನ ಕಂಡುಹಿಡಿದವರು ನನಗಿಂತ ಹಿಂದೆ ಇದ್ದ ಕಲ್ಲೂರ ಮಾಸ್ತರರು. ತರಗತಿಯ ಗೋಡೆಯ ಮೇಲೆ ಒಂದರಿಂದ ನೂರರವರೆಗೆ, ಸಾಲಿಗೆ ಹತ್ತು ಮನೆಯಂತೆ, ಸಂಖ್ಯೆಗಳ ಪಟ ಬರೆಸಿದ್ದರು. ಎರಡನೆಯ ಸಾಲಿನ ಮೊದಲ ಮನೆಯಲ್ಲಿ ಸಂಖ್ಯೆ ಇರಲಿಲ್ಲ. ಒಂದು ಹಸಿರು ಗಿಣಿ ಕೂತಿತ್ತು. ಅಂದಕ್ಕೆ ಎಂದು ಮಕ್ಕಳಿಗೆ ಹೇಳಿದ್ದರು. ಎಲ್ಲ ಬಿಟ್ಟು ಹನ್ನೊಂದನ್ನೇ ಆರಿಸಿದ್ದರಲ್ಲಿ ಅವರ ಪಾಂಡಿತ್ಯ ಕಾಣುತ್ತದೆ. ಎರಡರಿಂದ ಹತ್ತರವರೆಗೆ ಯಾವ ಮಗ್ಗಿಯಲ್ಲಿಯೂ ಆ ಸಂಖ್ಯೆ ಬರುವುದಿಲ್ಲ. ಮಕ್ಕಳು ಮಗ್ಗಿಗಳನ್ನೆಲ್ಲ ತಪ್ಪಿಲ್ಲದೆ ಹಾಡಬಹುದು, ಇನ್‌ಸ್ಪೆಕ್ಟರು ಬಂದರೆ ಮೆಚ್ಚಿ ತಲೆದೂಗಬಹುದು, ಗಿಣಿ ತನ್ನ ಪಾಡಿಗೆ ಕೂತಿರಬಹುದು. ಕಳೆಯುವ ಲೆಕ್ಕವನ್ನು ಮಾತ್ರ ಮಾಸ್ತರರು ಪೂರ್ತಿ ಕೈಬಿಟ್ಟಿದ್ದರು. ಒಮ್ಮೆ ಒಂದು ಮಗು ಹದಿಮೂರರಲ್ಲಿ ಐದು ಕಳೆದು ಏಳು ಎಂದು ಬರೆದು ಊರಿಗೆ ಊರೇ ಮೊಟ್ಟೆ ಕಳೆದುಕೊಂಡಿತ್ತು. ಮಾಸ್ತರರು ನಿವೃತ್ತರಾದಾಗ ಅವರಿಗೆ ಶಾಲು ಹೊದಿಸಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಇಷ್ಟು ಕಡಿಮೆ ಕಲಿಸಿ ಇಷ್ಟು ಗೌರವ ಪಡೆದವರನ್ನು ನಾನು ವಿಶ್ವವಿದ್ಯಾಲಯದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಮಿಕ್ಕ ಊರು ಆ ಗಿಣಿಯ ಸುತ್ತ ತನ್ನನ್ನು ತಾನು ಹೊಂದಿಸಿಕೊಂಡಿತ್ತು. ಗೋಡೆ ಗಡಿಯಾರಗಳಲ್ಲಿ ಹತ್ತರ ಮುಂದೆ ಒಂದು ದೇವರ ಪಟ ಅಂಟಿಸಿರುತ್ತಿದ್ದರು. ಆ ಗಂಟೆಗೆ ಚಾ ಹೊತ್ತು ಎನ್ನುತ್ತಿದ್ದರು. ಹೊಸ ಪಠ್ಯಪುಸ್ತಕಗಳು ಬಂದ ಕೂಡಲೇ ಸಮಿತಿಯವರು ಕೂತು, ಎಲೆಯಡಿಕೆ ಹಾಕಿಕೊಂಡು, ಪುಟ ಪುಟವನ್ನೂ ನೋಡಿ ಮಸಿ ಹಚ್ಚುತ್ತಿದ್ದರು. ಊರಿನ ದೊಡ್ಡವರು ಪಠ್ಯಪುಸ್ತಕವನ್ನು ಅಷ್ಟು ಗಮನವಿಟ್ಟು ಓದುವುದನ್ನು ಬೇರೆ ಕಡೆ ನೋಡಲಾರಿರಿ. ಕ್ರಿಕೆಟ್ ತಂಡದಲ್ಲಿ ಹನ್ನೆರಡು ಜನ ಆಡುತ್ತಿದ್ದರು. ಬೇರೆ ಊರಿನವರು ಇವರ ಜೊತೆ ಆಡಲು ಒಪ್ಪದ್ದರಿಂದ ಇವರು ಸೋತದ್ದೇ ಇರಲಿಲ್ಲ. ವಯಸ್ಸಿನ ವಿಷಯದಲ್ಲೂ ಅಷ್ಟೇ. ಮಕ್ಕಳು ಹತ್ತು ಮುಗಿಸಿ ನೇರ ಹನ್ನೆರಡಕ್ಕೆ ಕಾಲಿಡುತ್ತಿದ್ದರು. ಬಸ್ಸಿನಲ್ಲಿ ಅರ್ಧ ಟಿಕೀಟು ಒಂದು ವರ್ಷ ಮೊದಲೇ ತಪ್ಪಿಹೋಗುತ್ತಿತ್ತು ಎಂಬುದೊಂದನ್ನು ಬಿಟ್ಟರೆ ಇದರಿಂದ ಯಾರಿಗೂ ತೊಂದರೆಯಿಲ್ಲ ಎನ್ನುತ್ತಿದ್ದರು. ಹನ್ನೆರಡಾದ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದು ಅಲ್ಲಿನ ರೂಢಿ. ಹಾಗಾಗಿ ಹೆಣ್ಣು ಹೆತ್ತವರಿಗೆ ಗಿಣಿಯಿಂದ ಒಂದು ವರ್ಷದ ಅನುಕೂಲವೂ ಇತ್ತು.

ನಾನು ಮೊದಲೇ ಮಾತು ಅಳೆದು ಆಡುವವಳು. ಅಲ್ಲಿ ಹೋದ ಮೇಲೆ ಒಂದೊಂದು ವಾಕ್ಯವನ್ನೂ ಬಾಯೊಳಗೆ ಒಮ್ಮೆ ತಿರುಗಿಸಿ ನೋಡಿ ಹೊರಬಿಡತೊಡಗಿದೆ. ಹಾಜರಿ ಕರೆಯುವಾಗ ಹತ್ತನೆಯ ಹೆಸರಾದ ಮೇಲೆ ಒಮ್ಮೆ ಕೆಮ್ಮಿ ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಕೆಲಸ ಖಾಯಂ ಆಗಲು ಸಮಿತಿಯ ಒಳ್ಳೆಯ ಮಾತು ಬೇಕಿತ್ತು. ಇನ್ನೂ ಹದಿನಾಲ್ಕು ತಿಂಗಳು ಬಾಕಿ. ಮಂಗಳವಾರ ಮಧ್ಯಾಹ್ನ ಚನಮಲ್ಲಪ್ಪನವರ ಖಾನಾವಳಿಯಿಂದ ನನಗೂ ಎರಡು ರೊಟ್ಟಿ ಬರುತ್ತಿದ್ದವು. ಅವು ಯಾವ ರೊಟ್ಟಿಗಳೆಂದು ನನಗೆ ಗೊತ್ತಿತ್ತು. ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನನ್ನನ್ನು ಯಾರೂ ಧೈರ್ಯಸ್ಥೆ ಎಂದು ತಪ್ಪು ತಿಳಿಯಬಾರದು.

ನಾನು ಅಲ್ಲಿಗೆ ಹೋದ ವರ್ಷ ಹಲಗೆಯ ಮುಂದೆ ನಿಲ್ಲುತ್ತಿದ್ದವಳು ಫಕೀರವ್ವ. ಮೊಟ್ಟೆ ಮಾರುವ ತಂಗೆವ್ವನ ಒಬ್ಬಳೇ ಮಗಳು. ತಂದೆಯಿಲ್ಲ. ಎರಡು ಜಡೆ ಬಿಗಿದು, ಮೇಲಿನ ಗುಂಡಿಯವರೆಗೂ ಹಾಕಿದ ಅಂಗಿಯಲ್ಲಿ ನೆಟ್ಟಗೆ ನಿಂತು, ಅಂಕಿಗಳನ್ನು ಮುತ್ತಿನಂತೆ ಬರೆಯುತ್ತಿದ್ದಳು. ಅವಳು ಬರೆದ ಹದಿಮೂರು ಎಂದೂ ಹುಸಿಯಾದದ್ದಿಲ್ಲ. ಬೇರೆ ಮಕ್ಕಳು ತಪ್ಪು ಮಾಡುವಾಗಲೂ ಅನುಮಾನಿಸುತ್ತಿದ್ದರು. ಇವಳು ನಂಬಿ ಮಾಡುತ್ತಿದ್ದಳು. ಸಮಿತಿಯವರು ಅವಳನ್ನು ಶಾಲೆಯ ಆಸ್ತಿ ಎಂದು ಕರೆಯುತ್ತಿದ್ದರು, ಮತ್ತು ಆಸ್ತಿಯ ಬಗ್ಗೆ ಇರುವಷ್ಟೇ ಪ್ರೀತಿ ಇಟ್ಟಿದ್ದರು.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಬಿಸಿಯೂಟದ ಸಾಮಾನಿನ ಪಟ್ಟಿ ಬರೆಯಲು ಹೆಡ್‌ಮಾಸ್ತರರು ಒಂದು ಹಳೆಯ ಕಾಗದ ಕೊಟ್ಟರು. ಹಿಂಬದಿ ತಿರುಗಿಸಿ ನೋಡಿದೆ. ಅದು ಹಳೆಯದಲ್ಲ, ಆ ತಿಂಗಳದ್ದೇ. ಐದನೆಯ ತರಗತಿಯ ಮಕ್ಕಳಿಗೆ ದೂರದ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಯ ಅರ್ಜಿ. ಆರನೆಯ ತರಗತಿಯಿಂದ ಮುಂದೆ ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಪ್ರತಿ ವರ್ಷ ಬರುತ್ತದೆ, ಹಿಂಬದಿ ಖಾಲಿ ಇರುವುದರಿಂದ ಉಪಯೋಗ ಎಂದರು ಹೆಡ್‌ಮಾಸ್ತರರು. ಫಕೀರವ್ವನ ಹೆಸರು ಕಳಿಸೋಣ ಎಂದು ನಾನು ಮೆಲ್ಲಗೆ ಅಂದೆ. ಅವರು ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹನ್ನೆರಡು ತುಂಬಿರಬಾರದು. ಆಮೇಲೆ ಶಾಲೆಯ ರಿಜಿಸ್ಟರ್ ತೆಗೆದು ಫಕೀರವ್ವನ ಹೆಸರಿನ ಮುಂದೆ ಬೆರಳಿಟ್ಟರು. ವಯಸ್ಸು ಹನ್ನೆರಡು. ಹುಟ್ಟಿದ ತಾರೀಖು ನೋಡಿ ಸರ್, ಇನ್ನೂ ಒಂದು ವರ್ಷ ಇದೆ ಎಂದೆ. ಅವರು ಬಾಗಿಲ ಕಡೆ ನೋಡಿದರು. ಇದೆ, ಆದರೆ ಆ ವಯಸ್ಸನ್ನು ಬರೆಯುವುದು ಹೇಗೆ ಎಂದರು. ಅರ್ಜಿ ಮಗುವಿನ ಕೈಗೇ ಹೋಗುತ್ತದೆ, ಮಗುವೇ ಸಹಿ ಮಾಡಬೇಕು. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರುತ್ತದೆ.

ಆ ಊರಿನಿಂದ ಆ ಶಾಲೆಗೆ ಒಂದು ಮಗುವೂ ಯಾಕೆ ಹೋಗಿಲ್ಲ ಎಂದು ಹೀಗೆ ತಿಳಿಯಿತು. ಅರ್ಜಿಗೆ ಕೊನೆಯ ದಿನ ಇಪ್ಪತ್ತೆಂಟು. ಏಪ್ರಿಲ್ ಆದರೆ ಐದನೆಯದು ಮುಗಿಯುತ್ತದೆ, ಹನ್ನೆರಡಾದ ಹುಡುಗಿ ಬುಟ್ಟಿ ಹೊರುತ್ತಾಳೆ. ನಾನು ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಸಾಮಾನಿನ ಪಟ್ಟಿಯನ್ನು ಬೇರೆ ಕಾಗದದಲ್ಲಿ ಬರೆದೆ. ಅಷ್ಟೇ ನನ್ನ ಬಂಡಾಯ.

ಫಕೀರವ್ವ ಆ ವಾರವೇ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದಳು. ಮುಷ್ಟಿಯಲ್ಲಿ ಹುಣಸೆ ಬೀಜ.

"ಅಕ್ಕೋರ, ಎರಡಾರ್ಲೆ ಹನ್ನೆರಡು ಹೌದಲ್ರಿ?"

ಹೌದು ಎಂದೆ.

"ಆರು ಬೀಜ ಇಟ್ಟು, ಅದರ ಮುಂದ ಮತ್ತ ಆರು ಇಟ್ಟು ಎಣಿಸಿದ್ರ ಹದಿಮೂರು ಬರ್ತಾವ್ರಿ. ಹಾಡಿದ್ರ ಹನ್ನೆರಡು, ಎಣಿಸಿದ್ರ ಹದಿಮೂರು. ಯಾವ್ದು ಖರೇರಿ?"

ಕಲ್ಲೂರ ಮಾಸ್ತರರ ಪಾಂಡಿತ್ಯದಲ್ಲಿ ಇದೊಂದು ಬಿರುಕು ಇತ್ತು. ಮಗ್ಗಿಯನ್ನು ಹಾಡುವ ಮಕ್ಕಳು ಅದನ್ನು ಎಣಿಸಿ ನೋಡುವುದಿಲ್ಲ ಎಂದು ಅವರು ನಂಬಿದ್ದರು, ನಲವತ್ತು ವರ್ಷ ಆ ನಂಬಿಕೆ ಉಳಿದಿತ್ತು ಕೂಡ. ನಾನು ಕಿಟಕಿಯ ಕಡೆ ನೋಡಿದೆ. ಬಾಗಿಲ ಕಡೆ ನೋಡಿದೆ. ನೀನೇ ಯೋಚನೆ ಮಾಡು ಎಂದೆ. ಮಗುವಿಗೆ ಸ್ವತಂತ್ರವಾಗಿ ಆಲೋಚಿಸಲು ಬಿಡುವುದು ಎಂದು ಇದಕ್ಕೆ ತರಬೇತಿಯ ಪುಸ್ತಕಗಳಲ್ಲಿ ಹೆಸರಿದೆ. ಬರೆದವರಿಗೂ ನನ್ನ ಹಾಗೆ ಖಾಯಂ ಆಗುವುದು ಬಾಕಿ ಇದ್ದಿರಬೇಕು.

ಆದರೆ ಸುಮ್ಮನಿರಲಾಗಲಿಲ್ಲ. ಮರುದಿನ ಒಂದು ಚೀಲ ಹುಣಸೆ ಬೀಜ ತಂದು ಅವಳ ಕೈಗೆ ಕೊಟ್ಟೆ. ಗೋಡೆಯ ಪಟದಲ್ಲಿ ಇದ್ದ ಹಾಗೆಯೇ ಸಾಲು ಮಾಡು, ಒಂದು ಸಂಖ್ಯೆಗೆ ಒಂದು ಬೀಜ, ಹತ್ತಕ್ಕೆ ಒಂದು ಸಾಲು, ಇಪ್ಪತ್ತಕ್ಕೆ ಇನ್ನೊಂದು ಎಂದೆ. ನಾನು ಹೇಳಿದ್ದು ಅಷ್ಟೇ. ಯಾರು ಬಂದು ಕೇಳಿದರೂ ನನ್ನ ಬಾಯಿಂದ ಹೊರಬಿದ್ದ ಮಾತಿನಲ್ಲಿ ತಪ್ಪು ಸಿಗುತ್ತಿರಲಿಲ್ಲ. ಹೇಳುವ ಮೊದಲು ಅದನ್ನು ಹತ್ತು ಸಲ ಪರೀಕ್ಷಿಸಿದ್ದೆ. ಅವಳು ವರಾಂಡದ ಕಲ್ಲುಹಾಸಿನ ಮೇಲೆ ಕೂತು ತುಟಿ ಅಲುಗಿಸುತ್ತ ಬೀಜ ಇಟ್ಟಳು. ಹತ್ತು ಇಟ್ಟು ಮೊದಲ ಸಾಲು ಮುಗಿಸಿದಳು. ಹನ್ನೆರಡು, ಹದಿಮೂರು ಎನ್ನುತ್ತ ಇಪ್ಪತ್ತಕ್ಕೆ ಎರಡನೆಯದು ಮುಗಿಸಿದಳು. ಇಪ್ಪತ್ತೊಂದು ಎಂದು ಮೂರನೆಯದು ಹಿಡಿದಳು. ಮೂವತ್ತಕ್ಕೆ ಬಂದು ಕೈ ನಿಂತಿತು. ಮೊದಲ ಸಾಲು, ಮೂರನೆಯ ಸಾಲು ಸಮ ಇದ್ದವು. ನಡುವಿನದು ಒಂದು ಬೀಜದಷ್ಟು ಗಿಡ್ಡ. ಮತ್ತೆ ಕೆಡಿಸಿ ಇಟ್ಟಳು. ಮತ್ತೆ ಗಿಡ್ಡ. ಮೂರನೆಯ ಸಲ ಇಟ್ಟ ಮೇಲೆ ಎದ್ದು ಒಳಗೆ ಹೋಗಿ ಗೋಡೆಯ ಪಟದ ಮುಂದೆ ಬಹಳ ಹೊತ್ತು ನಿಂತಳು.

"ಎರಡನೇ ಸಾಲಿಂದು ಒಂದು ಹಲ್ಲು ಬಿದ್ದೈತ್ರಿ," ಎಂದಳು ಹೊರಗೆ ಬಂದು. "ಗಿಣಿ ಕುಂತ ಮನ್ಯಾಗ ಒಂದು ಬೀಜ ಬೇಕ್ರಿ ಅಕ್ಕೋರ. ಅಲ್ಲೇನೋ ಇತ್ತು."

ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇದ್ದರೂ ಹೋಗಿ ಗಂಟೆ ಹೊಡೆದೆ.

ಮುಂದಿನ ಸೋಮವಾರ ಫಕೀರವ್ವ ಎಂದಿನಂತೆ ಹದಿಮೂರು ಎಂದೇ ಬರೆದಳು. ಆದರೆ ಬರೆಯುವ ಮೊದಲು ಗೋಡೆಯ ಕಡೆ ಒಮ್ಮೆ ನೋಡಿದಳು. ಗೇಟಿನ ಹತ್ತಿರ ಗುಜುಗುಜು ಎದ್ದಿತು. ಊರಿಗೆಲ್ಲ ಬಂದ ಹದಿಮೂರನೆಯ ಮೊಟ್ಟೆ ತೊಗಲು ಮೊಟ್ಟೆ; ಚಿಪ್ಪಿಲ್ಲದೆ ಪೊರೆ ಮಾತ್ರ ಇರುವ, ಹಿಡಿದರೆ ಜೋಲುವ ಜಾತಿಯದು. ಮಂಗಳವಾರದ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಬಂತು. ಬುಧವಾರದ ಕುಳ್ಳು ಹಸಿ. ಗುರುವಾರ ಬಂದ ತೆಂಗಿನಕಾಯಿಯನ್ನು ಯಾರೋ ಒಡೆದರೆ ಒಳಗೆ ಗಾಳಿ ಇತ್ತು. ಮಗು ಅರ್ಧ ನಂಬಿದರೆ ಇಷ್ಟು ಎಂದು ಊರಿಗೆ ಗೊತ್ತಾಯಿತು. ಸಂಜೆ ಸಮಿತಿಯ ಸಭೆ ಕರೆದರು. ನಾಲ್ಕು ವರ್ಷದಿಂದ ಶಾಲೆಯ ಸೋರುವ ಮಾಡಿನ ಬಗ್ಗೆ ಕೋರಂ ಇಲ್ಲದೆ ಮುಂದಕ್ಕೆ ಹೋಗುತ್ತಿದ್ದ ಸಭೆಗೆ ಅಂದು ಕೂರಲು ಜಾಗವಿರಲಿಲ್ಲ.

ನನ್ನನ್ನು ಕರೆಸಿ ಮಗುವಿನ ತಲೆಗೆ ಏನು ತುಂಬಿದ್ದೀರಿ ಎಂದು ಕೇಳಿದರು. ಏನೂ ತುಂಬಿಲ್ಲ ಎಂದೆ. ಅದು ನಿಜವೂ ಆಗಿತ್ತು. ಹುಣಸೆ ಬೀಜದ ಸುದ್ದಿ ಅವರಿಗೆ ಮುಟ್ಟಿತ್ತು. ಚನಮಲ್ಲಪ್ಪನವರು ಗದರುವ ಜಾತಿಯವರಲ್ಲ. ಅಂಥವರ ಎದುರೇ ನನಗೆ ಹೆಚ್ಚು ಭಯ.

"ಅಕ್ಕೋರ, ನೀವು ಓದಿದವರು, ನಾವು ಒಲಿ ಮುಂದ ಕುಂತವರು," ಎಂದರು. "ಒಂದು ಮಾತು ಕೇಳ್ತೀನಿ. ಖರೇ ಲೆಕ್ಕಾ ಕಲಿಸಿ ಯಾವ ಊರು ಉದ್ಧಾರ ಆಗೇತಿ, ಒಂದರ ಹೆಸರು ಹೇಳ್ರಿ."

ನನಗೆ ಹೆಸರು ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಸೋಮವಾರ ಊರೆಲ್ಲ ಸೇರುವುದು, ಎಲ್ಲರ ಮುಂದೆ ಫಕೀರವ್ವ ಲೆಕ್ಕ ಮಾಡುವುದು, ಅವಳಿಗೆ ಅನುಮಾನ ಇದ್ದರೆ ನಾನು ನನ್ನ ಬಾಯಿಂದಲೇ ಹತ್ತರ ಮುಂದೆ ಹನ್ನೆರಡು ಎಂದು ಹೇಳಿ ಪರಿಹರಿಸುವುದು ಎಂದು ತೀರ್ಮಾನವಾಯಿತು. ಟೀಚರ್ ಹೇಳಿದರೆ ಮಗು ನಂಬುತ್ತದೆ. ನಂಬಿಕೆಯ ಮೇಲೆ ಇಷ್ಟು ನಂಬಿಕೆ ಇದ್ದ ಸಭೆಯನ್ನು ನಾನು ಕಂಡಿದ್ದಿಲ್ಲ. ಸೋಮವಾರ ತಾರೀಖು ಇಪ್ಪತ್ತೇಳು. ಅರ್ಜಿ ನನ್ನ ಪರ್ಸಿನಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ತಂಗೆವ್ವ ನನ್ನ ಮನೆಗೆ ಬಂದಳು. ಹೊಸ್ತಿಲ ಹೊರಗೇ ಕೂತು, ಸೆರಗಿನಲ್ಲಿ ಸುತ್ತಿದ್ದ ತೊಗಲು ಮೊಟ್ಟೆಯನ್ನು ನನ್ನ ಮುಂದಿಟ್ಟಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ, ಉತ್ತರವನ್ನೂ ಜೋಡಿಸಿಕೊಂಡೆ. ಅವಳು ಬೇರೆಯೇ ಕತೆ ಹೇಳಿದಳು. ಒಂದು ವರ್ಷ ಈ ಹೆಚ್ಚಿನ ಮೊಟ್ಟೆಗಳನ್ನು ಒಟ್ಟುಮಾಡಿ ಹೇಂಟೆಯ ಕೆಳಗೆ ಕಾವಿಗಿಟ್ಟಿದ್ದಳಂತೆ. ಕೋಳಿ ಇಪ್ಪತ್ತೊಂದು ದಿನ ಕೂತಿತು, ಇನ್ನೂ ನಾಲ್ಕು ದಿನ ಕೂತಿತು, ಆಮೇಲೆ ಎದ್ದು ಹೋಯಿತು. ಒಂದೂ ಮರಿಯಾಗಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕೊಳ್ಳುವವರು ಮೊಟ್ಟೆಯನ್ನು ಕಾವಿಗಿಡುವುದಿಲ್ಲ, ತಿನ್ನುತ್ತಾರೆ.

"ನನ್ನ ಕೋಳಿ ಎಷ್ಟು ಇಡತಾವ ಅನ್ನೂದು ನನಗ ಗೊತ್ತೈತ್ರಿ ಅಕ್ಕೋರ," ಎಂದಳು. "ಆ ಒಂದು ಯಾವ ಕೋಳಿದೂ ಅಲ್ಲ. ಇಷ್ಟು ವರ್ಷ ಅದನ್ನ ಮಾರಿ ತಿಂದೀನಿ, ಸುಳ್ಳ್ಯಾಕ ಹೇಳಲಿ. ಆ ಕಾಗದ ಯಾವತ್ತಿಗೆ ಮುಗೀತೈತ್ರಿ?"

ಮಂಗಳವಾರ ಎಂದೆ. ಕಾಗದದ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ನನಗೆ ದಿಗಿಲಾಯಿತು. ನೀವು ಪರ್ಸ್ ತೆಗೆದಾಗಲೆಲ್ಲ ಅದನ್ನು ಮುಟ್ಟಿ ನೋಡುವುದನ್ನು ಮಗಳು ನೋಡಿದ್ದಾಳೆ, ಓದಿಯೂ ಇದ್ದಾಳೆ ಎಂದಳು. ನಾನು ಊರನ್ನೆಲ್ಲ ಹೆದರಿ ನೋಡುತ್ತಿದ್ದಾಗ ಒಂದು ಮಗು ನನ್ನನ್ನು ನೋಡುತ್ತಿತ್ತು. ತಂಗೆವ್ವ ಎದ್ದಳು. ಮೊಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು.

ಸೋಮವಾರ ಶಾಲೆಯ ಅಂಗಳ ತುಂಬಿತ್ತು. ಕರಿಹಲಗೆಯನ್ನು ಹೊರಗೆ ತಂದು ಬೇವಿನ ಮರಕ್ಕೆ ಒರಗಿಸಿದ್ದರು. ಬುಟ್ಟಿಗಳು ಜೋಡಿ ಜೋಡಿಯಾಗಿ ಕೂತಿದ್ದವು, ಏಳು ಮತ್ತು ಐದು, ಏಳು ಮತ್ತು ಐದು. ಚನಮಲ್ಲಪ್ಪನವರು ಮುಂದಿನ ಕುರ್ಚಿಯಲ್ಲಿ. ಕಲ್ಲೂರ ಮಾಸ್ತರರನ್ನೂ ಕರೆಸಿದ್ದರು. ಅವರು ಸನ್ಮಾನದ ಶಾಲನ್ನೇ ಹೊದ್ದು ಬಂದಿದ್ದರು. ಫಕೀರವ್ವ ಸೀಮೆಸುಣ್ಣ ತೆಗೆದುಕೊಂಡಳು. ಏಳು ಬರೆದಳು. ಐದು ಬರೆದಳು. ಅಡ್ಡ ಗೆರೆ ಎಳೆದಳು. ಎಡಗೈ ಬೆರಳು ಮಡಚುತ್ತ ಎಂಟು, ಒಂಬತ್ತು, ಹತ್ತು ಎಂದು ಗಟ್ಟಿಯಾಗಿ ಎಣಿಸಿದಳು. ಮೂರು ಬೆರಳು ಮಡಚಿದ್ದವು, ಎರಡು ನಿಂತಿದ್ದವು. ಅಲ್ಲಿ ನಿಲ್ಲಿಸಿದಳು.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಕಲಿಸಿರಲಿಲ್ಲ. ಹಲಗೆಯ ಮೂಲೆಯಲ್ಲಿ ಇಪ್ಪತ್ತು ಬರೆದು ಅದರ ಪಕ್ಕ ಇಪ್ಪತ್ತೊಂದು ಬರೆದಳು. ಅದರ ಕೆಳಗೆ ಮೂವತ್ತು, ಮೂವತ್ತೊಂದು. ಅದರ ಕೆಳಗೆ ನಲವತ್ತು, ನಲವತ್ತೊಂದು. ಇಪ್ಪತ್ತರ ಮೇಲೆ ಸ್ವಲ್ಪ ಜಾಗವಿತ್ತು. ಅಲ್ಲಿ ಹತ್ತು ಬರೆದಳು, ಪಕ್ಕದಲ್ಲಿ ಒಂದರ ಮುಂದೆ ಒಂದು, ಎರಡು ನೆಟ್ಟಗಿನ ಗೆರೆ ಎಳೆದಳು. ಕಲ್ಲೂರ ಮಾಸ್ತರರು ಶಾಲನ್ನು ಕತ್ತಿನವರೆಗೆ ಎಳೆದುಕೊಂಡರು. ಮಗು ಹಿಂದೆ ತಿರುಗಿ, ಅಷ್ಟು ಜನರಲ್ಲಿ ನನ್ನೊಬ್ಬಳನ್ನು ನೋಡಿತು.

"ಅಕ್ಕೋರ, ಇದಕ್ಕ ಹೆಸರೇನ್ರಿ? ಹತ್ತೊಂದು ಅಂತಾರೇನ್ರಿ?"

"ಹೇಳ್ರಿ ಅಕ್ಕೋರ," ಎಂದರು ಚನಮಲ್ಲಪ್ಪನವರು, ಸಮಾಧಾನವಾಗಿಯೇ. "ಹಂಗ ಏನೂ ಇಲ್ಲ ಅಂತ ಹೇಳ್ರಿ."

ಆ ವಾಕ್ಯ ನನ್ನಲ್ಲಿ ಸಿದ್ಧವಾಗಿತ್ತು. ಹಿಂದಿನ ದಿನವಿಡೀ ಅದನ್ನು ಮಡಚಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ. ಹದಿನಾಲ್ಕು ತಿಂಗಳು ಹದಿಮೂರಾಗಿದ್ದವು. ಮಂಗಳವಾರದ ರೊಟ್ಟಿಗಳು ನೆನಪಾದವು. ಅವು ರುಚಿಯಾಗಿಯೇ ಇರುತ್ತಿದ್ದವು. ಆದರೆ ಮಗು ಮಡಚದೆ ಉಳಿಸಿಕೊಂಡ ಆ ಎರಡು ಬೆರಳು ಇನ್ನೂ ಹಾಗೇ ನಿಂತಿದ್ದವು. ಅವಳು ಅದನ್ನು ಕಂಡುಹಿಡಿದಾಗಿತ್ತು. ಮೂರು ಸಾವಿರ ವರ್ಷದ ಗಣಿತದಲ್ಲಿ ನನ್ನ ಪಾಲಿಗೆ ಉಳಿದದ್ದು ಒಂದು ಹೆಸರು ಹೇಳುವ ಕೆಲಸ ಮಾತ್ರ. ಅದನ್ನೂ ಮಾಡದಿದ್ದರೆ ನನ್ನನ್ನು ಅಲ್ಲಿಗೆ ಯಾಕೆ ಕಳಿಸಿದ್ದರೋ.

"ಹನ್ನೊಂದು," ಎಂದೆ.

ಧ್ವನಿ ದೊಡ್ಡದಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಫಕೀರವ್ವ ಒಮ್ಮೆ ತುಟಿಯೊಳಗೆ ಹೇಳಿಕೊಂಡಳು. ನಾಲ್ಕನೆಯ ಬೆರಳು ಮಡಚಿ ಹನ್ನೊಂದು ಎಂದಳು, ಐದನೆಯದು ಮಡಚಿ ಹನ್ನೆರಡು ಎಂದಳು, ಗೆರೆಯ ಕೆಳಗೆ ಹನ್ನೆರಡು ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು. ಹೆಂಗಸರು ಬಟ್ಟೆ ಸರಿಸಿ ಬುಟ್ಟಿ ನೋಡಿದರು. ಇಟ್ಟದ್ದು ಇಟ್ಟಷ್ಟೇ ಇತ್ತು. ಯಾರೂ ಕೂಗಾಡಲಿಲ್ಲ. ಬರೀ ಹನ್ನೆರಡು ಮೊಟ್ಟೆ ಹೊತ್ತುಕೊಂಡು ಮನೆಗೆ ಹೋಗುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಎದ್ದು ಹೋಗಲು ಬಹಳ ಹೊತ್ತು ಬೇಕಾಯಿತು.

ಊರಿನವರು ಫಕೀರವ್ವನ ಬದಲು ಬೇರೆ ಮಗುವನ್ನು ನಿಲ್ಲಿಸಬಹುದು ಎಂದು ಮಾತಾಡಿಕೊಳ್ಳುವಷ್ಟರಲ್ಲಿ ಕಾಲ ಮೀರಿತ್ತು. ದೊಡ್ಡವರ ಮುಖ ಕಪ್ಪಿಡುವಂಥ ಒಂದು ಮಾತು ಸಿಕ್ಕರೆ ಮಕ್ಕಳು ಬಿಡುತ್ತಾರೆಯೇ? ಕುಂಟಾಬಿಲ್ಲೆ ಆಡುತ್ತ ಹನ್ನೊಂದು, ಹಗ್ಗ ಜಿಗಿಯುತ್ತ ಹನ್ನೊಂದು, ಬೈಗುಳವಾಗಿ ಹನ್ನೊಂದು, ಮೂತ್ರಖಾನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಹನ್ನೊಂದು. ಎಷ್ಟೋ ವರ್ಷ ನಾವು ಕಷ್ಟಪಟ್ಟು ಕಲಿಸುವ ಪಾಠ ಒಂದೂ ಈ ವೇಗದಲ್ಲಿ ಹರಡಿದ್ದನ್ನು ನಾನು ನೋಡಿಲ್ಲ. ಮುಂದೆ ಮಕ್ಕಳಿಗೆ ಏನಾದರೂ ಕಲಿಸಬೇಕಾದರೆ ಮೊದಲು ಅದನ್ನು ನಿಷೇಧಿಸುವುದು ಉತ್ತಮ ಎಂದು ಇಲಾಖೆಗೆ ಸಲಹೆ ಬರೆಯೋಣ ಎನಿಸಿತ್ತು.

ಅಂದು ಮಧ್ಯಾಹ್ನ ಅರ್ಜಿಯನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ನಿಂತೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದು, ವಯಸ್ಸು ಎಂದಿದ್ದ ಕಡೆ ಎರಡು ನೆಟ್ಟಗಿನ ಗೆರೆ ಎಳೆದರು. ಅವರ ಕೈ ಈ ಅಂಕಿಯನ್ನು ಮರೆತಿತ್ತು, ಎರಡು ಗೆರೆಯೂ ಸೊಟ್ಟಗೆ ಬಂದವು. ಸೀಲು ಒತ್ತಿ ನನ್ನ ಕಡೆ ತಳ್ಳಿದರು.

"ನನ್ನ ಮಗಳದ್ದೂ ಒಂದು ವರ್ಷ ಹಿಂಗ ಹೋತ್ರಿ," ಎಂದರು, ನನ್ನ ಮುಖ ನೋಡದೆ.

ನನ್ನ ವರ್ಗಾವಣೆಯ ಆದೇಶ ಹದಿನೈದು ದಿನದಲ್ಲಿ ಬಂತು. ಇಲಾಖೆಯ ಅದೇ ಕಚೇರಿಗೆ ಶಾಲೆಯವರು ಮಾಡಿನ ಹೆಂಚಿಗಾಗಿ ಬರೆದ ಪತ್ರಗಳಿಗೆ ನಾಲ್ಕು ವರ್ಷದಿಂದ ಉತ್ತರವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಅಸೂಯೆಯಿಂದಲ್ಲ. ಶೈಕ್ಷಣಿಕ ವರ್ಷ ಮುಗಿಯುವವರೆಗೆ ಇರಲು ಬಿಟ್ಟರು, ಏಕೆಂದರೆ ಬದಲಿಗೆ ಬರಬೇಕಾದವರು ಸಿಕ್ಕಿರಲಿಲ್ಲ. ಆಮೇಲೆ ಸಿಕ್ಕರು. ಒಂದನೆಯ ತರಗತಿಗೆ ಹೊಸ ಪಟ ಬರೆಸಿದ್ದಾರೆ. ಹನ್ನೊಂದು ತನ್ನ ಮನೆಯಲ್ಲಿ ಧಾರಾಳವಾಗಿ ಕೂತಿದೆ. ಹದಿನೆಂಟರ ಪಕ್ಕದ ಮನೆಯಲ್ಲಿ ಮಾತ್ರ ಒಂದು ನವಿಲು ಗರಿ ಬಿಚ್ಚಿ ನಿಂತಿದೆ. ಹತ್ತೊಂಬತ್ತು ಕೂಡ ಯಾವ ಮಗ್ಗಿಯಲ್ಲೂ ಬರುವುದಿಲ್ಲ. ಕಲ್ಲೂರ ಮಾಸ್ತರರು ಸಲಹೆಗಾರರಾಗಿದ್ದಾರೆ.

ನಾನು ಊರು ಬಿಟ್ಟ ದಿನದ ಬಸ್ಸಿನಲ್ಲೇ ಫಕೀರವ್ವನೂ ಇದ್ದಳು. ವಸತಿ ಶಾಲೆಯ ಪಟ್ಟಿಯಲ್ಲಿ ಅವಳ ಹೆಸರು ಕೊನೆಯಿಂದ ಎರಡನೆಯದಾಗಿತ್ತು. ಕಳೆಯುವ ಲೆಕ್ಕವನ್ನು ಪರೀಕ್ಷೆಗೆ ಮೊದಲಿನ ಐದು ವಾರದಲ್ಲಿ ಕಲಿತವಳಿಗೆ ಅದು ಸಾಕು. ಕಿಟಕಿಯ ಪಕ್ಕ ಅವಳು, ನಡುವೆ ತಂಗೆವ್ವ, ಈಚೆ ನಾನು. ಟ್ರಂಕು ಕಾಲ ಕೆಳಗೆ. ತಂಗೆವ್ವನ ತೊಡೆಯ ಮೇಲೆ ತೌಡು ತುಂಬಿದ ಡಬ್ಬಿಯಲ್ಲಿ ನನಗೆಂದು ತಂದ ಮೊಟ್ಟೆ. ಎಣಿಸಬೇಡಿ, ಹನ್ನೆರಡು ಇವೆ, ಹನ್ನೆರಡೂ ಕೋಳಿಯವೇ ಎಂದಿದ್ದಳು. ಕಂಡಕ್ಟರ್ ಬಂದು ತಾಯಿಗೆ ಒಂದು ಟಿಕೀಟು ಹರಿದ. ನನಗೊಂದು ಹರಿದ. ಹುಡುಗಿಯ ಕಡೆ ಗದ್ದ ಎತ್ತಿ, ಈ ಊರಿನ ಮಕ್ಕಳ ವಯಸ್ಸು ಅವನಿಗೆ ಗೊತ್ತಿದ್ದದ್ದರಿಂದ, ಫುಲ್ ಟಿಕೀಟಿನ ಪುಸ್ತಕಕ್ಕೇ ಕೈ ಹಾಕಿದ. ಕೈ ಹಾಕಿಕೊಂಡೇ ಎಷ್ಟು ವಯಸ್ಸು ಎಂದು ಕೇಳಿದ, ಕೇಳಬೇಕಲ್ಲ ಎಂದು.

ತಂಗೆವ್ವ ಬಾಯಿ ತೆರೆಯುವ ಮೊದಲೇ ಫಕೀರವ್ವ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಂಡಳು.

"ಹನ್ನೊಂದ್ರಿ," ಎಂದಳು.

ಕಂಡಕ್ಟರ್ ಪುಸ್ತಕದಿಂದ ಕೈ ತೆಗೆದ. ಆ ನಿಲ್ದಾಣದಲ್ಲಿ ಹತ್ತಿದವರಿಂದ ಈ ಮಾತು ಅವನು ಕೇಳಿದ್ದು ಅದೇ ಮೊದಲಿರಬೇಕು. ಆಮೇಲೆ ಚೀಲದ ತಳದಿಂದ ಇನ್ನೊಂದು ಪುಸ್ತಕ ಹುಡುಕಿ ತೆಗೆದು, ಧೂಳು ಊದಿ, ಅರ್ಧ ಟಿಕೀಟು ಹರಿದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು, ಮಡಚಲಿಲ್ಲ.